ಚಿನ್ನ ಬೇಕು, ಚಿನ್ನ ತೆಗೆದ ಯಂತ್ರ ಬೇಡವೆ?

ನೆರೂಳದಲ್ಲಿ ಜಗತ್ತಿನ ಅದ್ಭುತಗಳಿಗೆ ಕೊರತೆಯಿಲ್ಲ. 2012ರಲ್ಲಿ ತೆರೆದ ವಂಡರ್ಸ್ ಪಾರ್ಕಿನಲ್ಲಿ ತಾಜಮಹಲಿದೆ, ಚೀನಾದ ಮಹಾಗೋಡೆಯಿದೆ, ರೋಮಿನ ಕೊಲೊಸಿಯಂ ಇದೆ. ಎಲ್ಲವೂ ಗಿಡ್ಡಗಾತ್ರದ ಪ್ರತಿಕೃತಿಗಳು. ಮಕ್ಕಳು ಕುಳಿತು ಸುತ್ತುವ ಆಟದ ರೈಲೂ ಅಲ್ಲಿದೆ. ಭಾನುವಾರದ ಸಂಜೆ ನಮ್ಮ ಕನ್ನಡ ಸಂಸಾರಗಳೂ ಅಲ್ಲಿಗೆ ಹೋಗುತ್ತವೆ, ಫೋಟೋ ತೆಗೆದುಕೊಳ್ಳುತ್ತವೆ. ಇದರಲ್ಲಿ ಆಕ್ಷೇಪಿಸುವಂಥದ್ದೇನೂ ಇಲ್ಲ. ನಗರದ ಮಕ್ಕಳಿಗೆ ಗಾಳಿ ಬೇಕು, ಬಯಲು ಬೇಕು. ನಮ್ಮ ಆಕ್ಷೇಪವಿರುವುದು ಬೇರೊಂದು ಸಂಗತಿಯ ಬಗ್ಗೆ. ನಕಲಿನ ಮುಂದೆ ಇಷ್ಟು ಹೊತ್ತು ನಿಲ್ಲುವ ಬಿಡುವು ನಮಗಿದೆ. ನಮ್ಮದೇ ನಾಡಿನ ಅಸಲಿ ಅದ್ಭುತವೊಂದು ತುಕ್ಕು ಹಿಡಿದು ಗುಜರಿಯ ದಾರಿ ಹಿಡಿದಾಗ ಅದರ ಬಗ್ಗೆ ಒಂದು ಸಾಲು ಬರೆಯುವ, ಒಂದು ಠರಾವು ಮಾಡುವ ಬಿಡುವು ಮಾತ್ರ ನಮಗಿಲ್ಲ. ಆ ಅಸಲಿಯ ಹೆಸರು ಕೋಲಾರದ ಚಿನ್ನದ ಗಣಿ.

ಮಾತನ್ನು ಸ್ವಲ್ಪ ದೂರದಿಂದ ಆರಂಭಿಸಬೇಕಾಗಿದೆ. ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದ ವೇಕ್‌ಫೀಲ್ಡ್ ಬಳಿ ಓವರ್ಟನ್ ಎಂಬ ಊರಿದೆ. ಅಲ್ಲಿ ಕ್ಯಾಪ್‌ಹೌಸ್ ಎಂಬ ಕಲ್ಲಿದ್ದಲ ಗಣಿಯಿತ್ತು. 1985ರಲ್ಲಿ ಅದರ ಕಲ್ಲಿದ್ದಲು ಮುಗಿಯಿತು, ಗಣಿ ಮುಚ್ಚಿತು. ನಮ್ಮಲ್ಲಾಗಿದ್ದರೆ ಮರುದಿನ ಬೀಗ, ಮರುವರ್ಷ ಹರಾಜು. ಅಲ್ಲಿಯವರು ಹಾಗೆ ಮಾಡಲಿಲ್ಲ. ಮೂರೇ ವರ್ಷಗಳಲ್ಲಿ, 1988ರಲ್ಲಿ, ಅದೇ ಗಣಿಯನ್ನು ವಸ್ತುಸಂಗ್ರಹಾಲಯ ಮಾಡಿದರು. 1995ರಲ್ಲಿ ಅದಕ್ಕೆ ಇಡೀ ಇಂಗ್ಲೆಂಡಿನ ರಾಷ್ಟ್ರೀಯ ಕಲ್ಲಿದ್ದಲ ಗಣಿ ಸಂಗ್ರಹಾಲಯವೆಂಬ ಪದವಿ ದೊರೆಯಿತು. 1876ರಲ್ಲಿ ಗಣಿಯ ಬಾಯಿಯ ಪಕ್ಕದಲ್ಲಿ ಕೂರಿಸಿದ ಉಗಿಯಂತ್ರವೊಂದು, ಎರಡು ಸಿಲಿಂಡರುಗಳ ಎತ್ತುಯಂತ್ರ, ಇಂದಿಗೂ ಅದೇ ಕಟ್ಟಡದಲ್ಲಿ, ಅದೇ ಅಡಿಪಾಯದ ಮೇಲೆ ಕುಳಿತಿದೆ. ಬಂದವರನ್ನು ನೆಲದಡಿ 140 ಮೀಟರು ಆಳಕ್ಕೆ ಕರೆದೊಯ್ದು ತೋರಿಸುವವರು ಯಾರು? ಪದವಿ ಪಡೆದ ಮಾರ್ಗದರ್ಶಕರಲ್ಲ. ಒಂದು ಕಾಲಕ್ಕೆ ಗಣಿಗಳಲ್ಲಿ ದುಡಿದ ಕಾರ್ಮಿಕರೇ.

ಎತ್ತುಯಂತ್ರವೆಂದರೆ ಏನೆಂಬುದನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು. ಬಾವಿಗೆ ರಾಟೆ ಹೇಗೋ ಗಣಿಗೆ ಇದು ಹಾಗೆ. ಬಾಯ್ಲರಿನ ಉಗಿ ಸಿಲಿಂಡರಿನೊಳಗಿನ ಕೊಂತವನ್ನು ತಳ್ಳುತ್ತದೆ. ಆ ತಳ್ಳುವಿಕೆ ತಿರುಗುಹಿಡಿಯ ಮೂಲಕ ದೊಡ್ಡದೊಂದು ಉರುಳೆಯನ್ನು ತಿರುಗಿಸುತ್ತದೆ. ಉರುಳೆಗೆ ಸುತ್ತಿದ ಉಕ್ಕಿನ ಹಗ್ಗ ಹೊರಗಿನ ಗೋಪುರದ ಗಾಲಿಯ ಮೇಲೆ ಹಾಯ್ದು ಗಣಿಯ ಬಾಯಿಗೆ ಇಳಿಯುತ್ತದೆ. ಎರಡು ಸಿಲಿಂಡರು ಏಕೆಂದರೆ, ಒಂದರ ತಿರುಗುಹಿಡಿ ಸತ್ತ ಬಿಂದುವಿನಲ್ಲಿ ನಿಂತಾಗ ಇನ್ನೊಂದು ಬಲ ಕೊಡಬೇಕು. ನಡುದಾರಿಯಲ್ಲಿ ಪಂಜರ ನಿಂತರೆ ಯಂತ್ರ ಮತ್ತೆ ಹೊರಡಲೇಬೇಕು. ಅದನ್ನು ನಡೆಸುವಾತನಿಗೆ ಆಳದಲ್ಲಿರುವ ಪಂಜರ ಕಾಣುವುದಿಲ್ಲ. ಅವನಿಗೆ ಇರುವುದು ಆಳ ತೋರಿಸುವ ಒಂದು ಮುಳ್ಳು, ಕೈಗೆ ಬ್ರೇಕು, ಕಿವಿಗೆ ಗಂಟೆ. ನಮ್ಮ ದೇಶದ ಗಣಿಗಳ ಸಂಜ್ಞೆ ಹೀಗೆ: ನಿಂತ ಯಂತ್ರಕ್ಕೆ ಒಂದು ಗಂಟೆಯಾದರೆ ‘ಎತ್ತು’, ಓಡುವ ಯಂತ್ರಕ್ಕೆ ಒಂದು ಗಂಟೆಯಾದರೆ ‘ನಿಲ್ಲಿಸು’, ಎರಡಾದರೆ ‘ಇಳಿಸು’, ಮೂರಾದರೆ ‘ಮನುಷ್ಯರಿದ್ದಾರೆ, ಜೋಪಾನ’. ಒಂದು ಗಂಟೆ ತಪ್ಪಿ ಕೇಳಿದರೆ ಪಂಜರದೊಳಗಿನವರ ಕಥೆ ಮುಗಿದಂತೆಯೇ. ಇಂಥ ಯಂತ್ರವನ್ನು ‘ಹಳೆ ಕಬ್ಬಿಣ’ವೆಂದು ಕರೆಯುವವರಿಗೆ ವೀಣೆಯೂ ಬರೀ ಹಲಸಿನ ಮರವೇ ಇರಬೇಕು.

ಈಗ ಕೋಲಾರಕ್ಕೆ ಬರೋಣ. ಅಲ್ಲಿ ಚಿನ್ನವಿರುವ ಸುಳಿವನ್ನು 1802ರಲ್ಲಿ ಲೆಫ್ಟಿನೆಂಟ್ ವಾರೆನ್ ಎಂಬಾತ ಕಂಡ. ಲವೆಲ್ ಎಂಬ ನಿವೃತ್ತ ಸೈನಿಕ 1870ರ ದಶಕದಲ್ಲಿ ಮೈಸೂರು ಸರಕಾರದಿಂದ ಗಣಿಯ ಪರವಾನಿಗೆ ಪಡೆದ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಇಂಗ್ಲಿಷ್ ಸಂಸ್ಥೆ ಕಾಲಿಟ್ಟಿತು. ಮುಂದೆ ಮುಕ್ಕಾಲು ಶತಮಾನ ಅದೇ ಅಲ್ಲಿಯ ಒಡೆಯ. ಚಾಂಪಿಯನ್ ರೀಫ್, ಮೈಸೂರು, ನಂದಿದುರ್ಗ, ಊರ್ಗಾಂ ಎಂಬ ನಾಲ್ಕು ದೊಡ್ಡ ಗಣಿಗಳು ಎದ್ದವು. 1894ರಲ್ಲಿ ಬೌರಿಂಗ್‌ಪೇಟೆಯಿಂದ, ಎಂದರೆ ಇಂದಿನ ಬಂಗಾರಪೇಟೆಯಿಂದ, ಮಾರಿಕುಪ್ಪಂವರೆಗೆ ರೈಲು ಹಾಕಿದರು. 1956ರಲ್ಲಿ ಗಣಿಗಳು ಮೈಸೂರು ರಾಜ್ಯದ ವಶವಾದವು, 1962ರಲ್ಲಿ ಕೇಂದ್ರದ ವಶವಾದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಸರಕಾರಿ ಕಂಪನಿಯಾಯಿತು. ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ಜಗತ್ತಿನ ಅತ್ಯಂತ ಆಳದ ಗಣಿಗಳಲ್ಲಿ ಒಂದಾಯಿತು. ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ಹೊರಬಂತು. 2001ರ ಫೆಬ್ರವರಿ 28ರಂದು ಬಾಗಿಲು ಹಾಕಿತು. ಪಂಪುಗಳು ನಿಂತವು; ಆಳದ ಸುರಂಗಗಳಲ್ಲಿ ನೀರು ತುಂಬಿತು.

ಈ ಗಣಿಗಳ ಮೊದಲ ಇಪ್ಪತ್ತು ವರ್ಷಗಳ ಬದುಕು ಪೂರ್ತಿಯಾಗಿ ಉಗಿಯದು. ನೀರೆತ್ತಲು ಉಗಿ, ಅದಿರೆತ್ತಲು ಉಗಿ, ಬಿಳಿಕಲ್ಲನ್ನು ಕುಟ್ಟಿ ಹಿಟ್ಟು ಮಾಡುವ ಒನಕೆಗಿರಣಿಗಳಿಗೆ ಉಗಿ. ಆ ಬಾಯ್ಲರುಗಳ ಹೊಟ್ಟೆಗೆ ದೂರದಿಂದ ಬರುವ ಕಲ್ಲಿದ್ದಲು ಬೇಕು, ಸುತ್ತಲ ಕಾಡಿನ ಸೌದೆ ಬೇಕು. ಗಣಿ ಆಳವಾದಂತೆ ಸೌದೆಯೂ ಹೆಚ್ಚು, ಖರ್ಚೂ ಹೆಚ್ಚು. ಈ ಹಸಿವಿನಿಂದಲೇ ಹುಟ್ಟಿದ್ದು ನಾವು ಪ್ರತಿ ನವೆಂಬರಿನಲ್ಲಿ ವೇದಿಕೆಯ ಮೇಲೆ ಎದೆಯುಬ್ಬಿಸಿ ಹೇಳುವ ಶಿವನಸಮುದ್ರದ ವಿದ್ಯುತ್ತು. ದಿವಾನ್ ಶೇಷಾದ್ರಿ ಅಯ್ಯರ್ ಮುಂದಾದರು, ಡಿ ಲಾಟ್‌ಬಿನಿಯೆರ್ ಎಂಬ ಎಂಜಿನಿಯರು ಯೋಜನೆ ಹಾಕಿದ. 1902ರ ಜೂನ್ 30ರಂದು ಕಾವೇರಿಯ ವಿದ್ಯುತ್ತು 92 ಮೈಲು, ಎಂದರೆ ಸುಮಾರು 148 ಕಿಲೋಮೀಟರು ತಂತಿಯ ಮೇಲೆ ಹರಿದು ಕೋಲಾರ ಮುಟ್ಟಿತು. ಶೇಷಾದ್ರಿ ಅಯ್ಯರ್ ಅದನ್ನು ನೋಡಲು ಬದುಕಿರಲಿಲ್ಲ; ಹಿಂದಿನ ವರ್ಷವೇ ತೀರಿಕೊಂಡಿದ್ದರು.

ನಮ್ಮ ಭಾಷಣಗಳಲ್ಲಿ ಈ ಕಥೆಯ ಅರ್ಧ ಮಾತ್ರ ಬರುತ್ತದೆ. ‘ಭಾರತದಲ್ಲಿ ಎಲ್ಲರಿಗಿಂತ ಮೊದಲು ಬೆಳಕು ಕಂಡ ನಾಡು ನಮ್ಮದು’ ಎಂದು ಚಪ್ಪಾಳೆ ಗಿಟ್ಟಿಸುತ್ತೇವೆ. ಆದರೆ ಆ ವಿದ್ಯುತ್ತು ಯಾರ ಮನೆಯ ದೀಪಕ್ಕೂ ಬಂದದ್ದಲ್ಲ. ಉಗಿಯ ಬದಲು ಒನಕೆಗಿರಣಿ ತಿರುಗಿಸಲು ಬಂದದ್ದು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಮೂರು ವರ್ಷ ತಡವಾಗಿ, 1905ರಲ್ಲಿ. ರಾಜಧಾನಿ ಮೈಸೂರಿಗೆ 1908ರಲ್ಲಿ. ಬೆಳಕಿನ ಹಿರಿಮೆ ಹೇಳಿ ಉಗಿಯ ಕಥೆ ಬಿಟ್ಟರೆ ಮೊಮ್ಮಗನ ಮದುವೆಗೆ ಅಜ್ಜನನ್ನು ಕರೆಯದೆ ಬಿಟ್ಟಂತೆ. ಶಿವನಸಮುದ್ರ ಏಕೆ ಬೇಕಾಯಿತು ಎಂಬುದನ್ನು ಮಕ್ಕಳಿಗೆ ತಿಳಿಸಬೇಕಾದರೆ, ಒಂದು ಉಗಿಯಂತ್ರವನ್ನಾದರೂ ಕೋಲಾರದ ನೆಲದ ಮೇಲೆಯೇ, ಅದರ ಬಾಯ್ಲರು, ಹೊಗೆಗೊಳವೆ, ಸೌದೆಯ ಕಣಜ ಸಮೇತ ತೋರಿಸಬೇಕು. ಕ್ಯಾಪ್‌ಹೌಸಿನಂಥ ಸಂಗ್ರಹಾಲಯ ಕೋಲಾರದಲ್ಲಿ ಎದ್ದಿಲ್ಲ. ಗಣಿ ಮುಚ್ಚಿ ಕಾಲು ಶತಮಾನವಾಯಿತು. ಯಾರ್ಕ್‌ಷೈರಿನವರು ಮೂರು ವರ್ಷದಲ್ಲಿ ಮಾಡಿದ್ದನ್ನು ನಾವು ಕಾಲು ಶತಮಾನದಲ್ಲಿ ಮಾಡಿಲ್ಲ.

ಅದರ ಬದಲು ಏನಾಗಿದೆ? ತಿಜೋರಿಯ ಕೀಲಿಕೈ ಕಳೆದವರ ಮನೆಯಂತಾಗಿದೆ. ನಿರ್ಜನ ಕಟ್ಟಡಗಳು, ಗಾಲಿ ನಿಂತ ಗೋಪುರಗಳು, ಕಬ್ಬಿಣ ತಾಮ್ರಕ್ಕಾಗಿ ಹೊಂಚು ಹಾಕುವ ಕೈಗಳು. 2020ರ ಮೇ ತಿಂಗಳಲ್ಲಿ ಮುಚ್ಚಿದ ಗಣಿಯೊಳಕ್ಕೆ ಕಳವಿಗೆಂದು ಇಳಿದವರಲ್ಲಿ ಮೂವರು ಉಸಿರುಗಟ್ಟಿ ಸತ್ತರು. ಗಣಿ ನಡೆಯುವಾಗ ಹೊಟ್ಟೆಪಾಡಿಗಾಗಿ ಸತ್ತವರನ್ನು ಕಂಡ ಊರು, ಗಣಿ ಮುಚ್ಚಿದ ಮೇಲೂ ಹೊಟ್ಟೆಪಾಡಿಗಾಗಿ ಸಾಯುವವರನ್ನು ಕಾಣಬೇಕಾಯಿತು. ಕಾವಲಿಲ್ಲದ ಪರಂಪರೆಯ ಬೆಲೆ ಇದು.

ಇದಕ್ಕೆ ಪ್ರತಿಯಾಗಿ ಕೇಳಿಬರುವ ಮಾತುಗಳನ್ನು ಒಂದೊಂದಾಗಿ ಪರಿಶೀಲಿಸೋಣ.

ಮೊದಲನೆಯದು: ‘ಅವು ನಮ್ಮನ್ನು ಸುಲಿದ ಬಿಳಿಯರ ಯಂತ್ರಗಳು, ಅವನ್ನೇಕೆ ಪೂಜಿಸಬೇಕು?’ ಸುಲಿಗೆ ನಡೆದದ್ದು ಸತ್ಯ. ಚಿನ್ನ ಹೋದದ್ದು ಲಂಡನ್ನಿಗೆ, ಸಿಲಿಕೋಸಿಸ್ ಉಳಿದದ್ದು ಕೋಲಾರದ ಕಾರ್ಮಿಕನ ಎದೆಯಲ್ಲಿ. ಆದರೆ ಸುಲಿಗೆಯ ಸಾಕ್ಷಿಯನ್ನು ಗುಜರಿಗೆ ಹಾಕಿದರೆ ಲಾಭ ಯಾರಿಗೆ? ಸುಲಿದವನಿಗೇ ಅಲ್ಲವೆ? ಕೊಲೆ ನಡೆದ ಮನೆಯಲ್ಲಿ ಕತ್ತಿಯನ್ನು ತೊಳೆದಿಡುವವನು ಸತ್ತವನ ಬಂಧುವಾಗಿರಲಾರ. ಅಲ್ಲದೆ ಯಂತ್ರ ಬಿಳಿಯರದ್ದಾದರೂ ಅದರ ಬ್ರೇಕು ಹಿಡಿದ ಕೈ, ಬಾಯ್ಲರಿಗೆ ಸೌದೆ ತುಂಬಿದ ಕೈ, ಪಂಜರದಲ್ಲಿ ಇಳಿದ ದೇಹ ಯಾರದ್ದು? ಬೆರಳಚ್ಚು ನೋಂದಣಿಯ ಅವಮಾನವನ್ನು ಒಪ್ಪದೆ 1930ರಲ್ಲಿ ಇಡೀ ಗಣಿ ಪ್ರದೇಶವೇ ಮುಷ್ಕರ ಹೂಡಿತು. ಆ ಮುಷ್ಕರ ಹೂಡಿದವರದ್ದು. ಪೂಜೆ ಯಾರೂ ಕೇಳುತ್ತಿಲ್ಲ. ಸಾಕ್ಷಿಕಟ್ಟೆಯಲ್ಲಿ ನಿಲ್ಲಿಸಿ ಎಂದಷ್ಟೇ ಕೇಳುತ್ತಿರುವುದು.

ಎರಡನೆಯದನ್ನು ಯಾರೂ ವೇದಿಕೆಯ ಮೇಲೆ ಹೇಳುವುದಿಲ್ಲ, ಊಟದ ಪಂಕ್ತಿಯಲ್ಲಿ ಹೇಳುತ್ತಾರೆ: ‘ಕೆ.ಜಿ.ಎಫ್. ತಮಿಳರ ಊರು, ಅದರ ಚಿಂತೆ ಕನ್ನಡಿಗರಿಗೇಕೆ?’ ಮುಂಬಯಿಯಲ್ಲಿ ಕುಳಿತು ಈ ಮಾತನ್ನಾಡಲು ನಮಗೆ ನಾಚಿಕೆಯಾಗಬೇಕು. ಉತ್ತರ ಆರ್ಕಾಟಿನಿಂದ, ಆಂಧ್ರದ ಗಡಿಯಿಂದ, ಮೈಸೂರಿನ ಹಳ್ಳಿಗಳಿಂದ ಹೊಟ್ಟೆ ಹೊತ್ತುಕೊಂಡು ಬಂದ ಬಡವರು, ಅವರಲ್ಲಿ ಬಹುಪಾಲು ದಲಿತರು, ಕೋಲಾರದಲ್ಲಿ ಬೀಡುಬಿಟ್ಟರು. ನಮ್ಮ ಹಿರಿಯರು ಉಡುಪಿ, ಮಂಗಳೂರು, ಧಾರವಾಡ, ಬಿಜಾಪುರಗಳಿಂದ ಹೊಟ್ಟೆ ಹೊತ್ತುಕೊಂಡು ಮುಂಬಯಿಗೆ ಬಂದದ್ದಕ್ಕೂ ಅವರು ಅಲ್ಲಿಗೆ ಹೋದದ್ದಕ್ಕೂ ಯಾವ ಅಂತರವಿದೆ? ಇಲ್ಲಿ ಮೂರು ತಲೆಮಾರು ಕಳೆದ ನಾವು ‘ಈ ನಗರವನ್ನು ಕಟ್ಟಿದವರಲ್ಲಿ ನಾವೂ ಇದ್ದೇವೆ’ ಎಂದು ಹಕ್ಕಿನಿಂದ ಹೇಳುತ್ತೇವೆ. ಅಲ್ಲಿ ನಾಲ್ಕು ತಲೆಮಾರು ಕಳೆದವರು ಅದನ್ನೇ ಹೇಳಿದರೆ ಮುಖ ತಿರುಗಿಸುತ್ತೇವೆ. ಕನ್ನಡ ನಾಡಿನ ನೆಲದಡಿ ಸತ್ತವನ ತಾಯ್ನುಡಿ ಯಾವುದೆಂದು ಕೇಳಿ ಆಮೇಲೆ ಗೌರವ ಕೊಡುವುದಾದರೆ, ಅದಕ್ಕೆ ಕನ್ನಡಾಭಿಮಾನವೆಂಬ ಹೆಸರು ಸಲ್ಲದು.

ಮೂರನೆಯದು, ಎಲ್ಲಕ್ಕಿಂತ ತೂಕದ್ದು: ‘ಅಲ್ಲಿಯ ಜನಕ್ಕೆ ಕುಡಿಯುವ ನೀರಿಲ್ಲ, ಕೆಲಸ ಕಳೆದುಕೊಂಡವರ ಬಾಕಿ, ಮನೆಯ ಹಕ್ಕು, ಸಯನೈಡು ಗುಡ್ಡದ ಧೂಳು, ಇವೆಲ್ಲ ಇರುವಾಗ ಹಳೆಯ ಯಂತ್ರಕ್ಕೆ ಸೂರು ಕಟ್ಟುವುದು ಉಳ್ಳವರ ಚಪಲವಲ್ಲವೆ?’ ಈ ಮಾತನ್ನು ಲಘುವಾಗಿ ತೆಗೆದುಕೊಳ್ಳುವಂತಿಲ್ಲ. ನೀರು ಮೊದಲು, ಬಾಕಿ ಮೊದಲು, ಅನುಮಾನವೇ ಇಲ್ಲ. ಆದರೆ ಯಂತ್ರವನ್ನು ಕರಗಿಸಿದ್ದರಿಂದ ಯಾವ ಬೀದಿಗೆ ನೀರು ಬಂತು? ಗಣಿ ಮುಚ್ಚಿದ ಇಷ್ಟು ವರ್ಷಗಳಲ್ಲಿ ಗುಜರಿಯ ತಕ್ಕಡಿಯಿಂದ ಯಾವ ಕಾರ್ಮಿಕನ ಮನೆ ಎದ್ದಿತು? ಬಡವನ ಹೆಸರು ಹೇಳಿ ಮ್ಯೂಜಿಯಂ ಬೇಡವೆನ್ನುವವರು ಬಡವನಿಗೂ ಏನನ್ನೂ ಕೊಟ್ಟದ್ದು ಕಾಣೆವು. ಕ್ಯಾಪ್‌ಹೌಸಿನಲ್ಲಿ ಸಂಗ್ರಹಾಲಯವೆಂದರೆ ಗಾಜಿನ ಪೆಟ್ಟಿಗೆಯಲ್ಲ, ಗಣಿಯಿಂದ ಹೊರಬಿದ್ದವರಿಗೆ ಉದ್ಯೋಗ. ಕೋಲಾರದಲ್ಲಿಯೂ ಎತ್ತುಯಂತ್ರ ನಡೆಸಿದವರು, ಹಗ್ಗ ಪರೀಕ್ಷಿಸಿದವರು, ಬಂಡೆ ಸಿಡಿಯುವ ಮುನ್ನದ ಸದ್ದನ್ನು ಕಿವಿಯಿಂದ ಗುರುತಿಸುತ್ತಿದ್ದವರು ಇನ್ನೂ ಇದ್ದಾರೆ. 2001ರಲ್ಲಿ ನಲವತ್ತಾಗಿದ್ದವನಿಗೆ ಈಗ ಅರವತ್ತು ದಾಟಿದೆ. ಇನ್ನು ಹತ್ತು ವರ್ಷ ಕಳೆದರೆ ಯಂತ್ರ ಉಳಿದರೂ ಅದರ ಭಾಷೆ ಬಲ್ಲವರು ಉಳಿದಿರುವುದಿಲ್ಲ. ಆಗ ಕಟ್ಟುವ ಮ್ಯೂಜಿಯಂ ಅನುವಾದಕನಿಲ್ಲದ ಶಾಸನದಂತೆ.

ನಾಲ್ಕನೆಯದು ಹಣದ ಪ್ರಶ್ನೆ. ಹಣವೆಲ್ಲಿಂದ? ಕೋಲಾರದ ಹದಿಮೂರು ಕಸದಗುಡ್ಡಗಳಿಂದಲೇ. ಅರೆದು ಬಿಸಾಡಿದ ಆ ಬೂದಿಮಣ್ಣಿನಲ್ಲಿ ಇನ್ನೂ ಚಿನ್ನವಿದೆಯೆಂದು, 1,003 ಎಕರೆಯ ಆ ಗುಡ್ಡಗಳನ್ನು ಮತ್ತೆ ಸೋಸಲು ಅನುಮತಿ ಕೊಡುವ ಕೇಂದ್ರದ ಪ್ರಸ್ತಾಪಕ್ಕೆ ಕರ್ನಾಟಕದ ಸಚಿವ ಸಂಪುಟ 2024ರ ಜೂನಿನಲ್ಲಿ ಒಪ್ಪಿಗೆ ನೀಡಿತು. ಎಂದರೆ ಚಿನ್ನದ ಮೇಲಿನ ಆಸೆ ಸತ್ತಿಲ್ಲ, ಸತ್ತಿರುವುದು ಚಿನ್ನ ತೆಗೆದವರ ಮೇಲಿನ ಅಕ್ಕರೆ. 2015ರ ತಿದ್ದುಪಡಿಯ ನಂತರ ಗಣಿಗಾರಿಕೆಯಿಂದ ನೊಂದ ಜಿಲ್ಲೆಗಳಿಗಾಗಿ ಜಿಲ್ಲಾ ಖನಿಜ ಪ್ರತಿಷ್ಠಾನವೆಂಬ ನಿಧಿಯನ್ನು ಕಾನೂನೇ ಏರ್ಪಡಿಸಿದೆ. ಅದರ ಸಿಂಹಪಾಲು ನೀರಿಗೆ, ಆರೋಗ್ಯಕ್ಕೆ ಹೋಗಲಿ, ಹೋಗಲೇಬೇಕು. ಗುಡ್ಡ ಸೋಸುವವನು ಗಳಿಸುವ ಲಾಭದಲ್ಲಿ ಒಂದು ಚಿಟಿಕೆಯನ್ನು, ಆ ಗುಡ್ಡ ಹೇಗೆ ಹುಟ್ಟಿತೆಂದು ಹೇಳುವ ಸಂಗ್ರಹಾಲಯಕ್ಕೆ ಕೊಡಬೇಕೆಂದು ಕರಾರಿನಲ್ಲಿಯೇ ಬರೆಸುವುದು ಅಸಾಧ್ಯವೇನಲ್ಲ. ಯಂತ್ರಗಳು ಬಂದು ಗುಡ್ಡ ಅಗೆಯಲಾರಂಭಿಸಿದ ಮೇಲೆ ಕೇಳುವುದು ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ.

ನಮ್ಮ ದೇಶ ಉಗಿಯನ್ನು ಪೂರ್ತಿಯಾಗಿ ಮರೆತಿದೆಯೆಂದೂ ಅಲ್ಲ. ಗಾಲಿಯಿರುವ ಉಗಿಯಂತ್ರಕ್ಕೆ ನಮ್ಮಲ್ಲಿ ಪ್ರೀತಿಯಿದೆ. ಮೈಸೂರಿನಲ್ಲಿ 1979ರಿಂದ ರೈಲು ಸಂಗ್ರಹಾಲಯವಿದೆ. 1855ರ ಫೇರಿ ಕ್ವೀನ್ ಎಂಜಿನನ್ನು 1997ರಲ್ಲಿ ಮತ್ತೆ ಹಳಿಯ ಮೇಲೆ ಓಡಿಸಿದರು. ನೆರೂಳಕ್ಕೆ ಬರಬೇಕಾದ ನೆಂಟರು ಕೆಲವೊಮ್ಮೆ ಹೆಸರು ತಪ್ಪಿ ಇಳಿಯುವ ಆ ನೇರಳ್‌ನಿಂದ ಮಾಥೇರಾನಿಗೆ 1907ರಲ್ಲಿ ಪೀರ್‌ಭಾಯಿಯವರು ಹಾಕಿಸಿದ ಪುಟ್ಟ ರೈಲಿನ 738ನೆಯ ಸಂಖ್ಯೆಯ ಎಂಜಿನು ದಿಲ್ಲಿಯ ರೈಲು ಸಂಗ್ರಹಾಲಯದಲ್ಲಿ ಕ್ಷೇಮವಾಗಿದೆ. ಡಾರ್ಜಿಲಿಂಗ್, ನೀಲಗಿರಿ, ಕಾಲ್ಕಾ–ಶಿಮ್ಲಾ ರೈಲುಗಳು ಯುನೆಸ್ಕೋದ ಪಟ್ಟಿ ಸೇರಿವೆ. 1853ರಲ್ಲಿ ಬೋರಿಬಂದರಿನಿಂದ ಠಾಣೆಗೆ ಬಂದ ಮೊದಲ ರೈಲಿನ ಕಥೆಯನ್ನು ಠಾಣೆಯ ಮಗುವೂ ಹೇಳುತ್ತದೆ. ಎಲ್ಲ ಸರಿ. ಆದರೆ ಉಗಿಯಂತ್ರ ಹುಟ್ಟಿದ್ದು ಹಳಿಯ ಮೇಲಲ್ಲ, ಗಣಿಯಲ್ಲಿ. 1712ರಲ್ಲಿ ನ್ಯೂಕಾಮೆನ್ ಇಂಗ್ಲೆಂಡಿನ ಡಡ್ಲಿಯ ಬಳಿ ಮೊದಲ ಯಂತ್ರವನ್ನು ಕೂರಿಸಿದ್ದು ಕಲ್ಲಿದ್ದಲ ಗಣಿಯ ನೀರೆತ್ತಲು. ರೈಲು ಅದರ ಮೊಮ್ಮಗ. ಓಡುವ ಮೊಮ್ಮಗನಿಗೆ ಬಣ್ಣ ಬಳಿದು, ಕೂತಲ್ಲೇ ದುಡಿದ ಅಜ್ಜನನ್ನು ಕಬ್ಬಿಣದ ಅಂಗಡಿಗೆ ಮಾರುವುದು ಯಾವ ನ್ಯಾಯ? ಮಗು ಹತ್ತಿ ಸವಾರಿ ಮಾಡಬಹುದಾದದ್ದು ಮಾತ್ರ ಪರಂಪರೆ, ಕಾರ್ಮಿಕ ಇಳಿದು ಸತ್ತದ್ದು ಪರಂಪರೆಯಲ್ಲ ಎಂಬ ತೀರ್ಪು ಇದರ ಹಿಂದಿದೆ.

ಕೋಲಾರಕ್ಕೆ ಅನೇಕ ಗಣಿಗಾರರು ಬಂದದ್ದು ಇಂಗ್ಲೆಂಡಿನ ನೈಋತ್ಯದ ಕಾರ್ನ್‌ವಾಲಿನಿಂದ. ಆ ಕಾರ್ನ್‌ವಾಲಿನಲ್ಲಿ ಏನಾಯಿತೆಂಬುದು ನಮಗೊಂದು ಪಾಠ. ಲೆವಂಟ್ ಎಂಬ ಗಣಿ 1930ರಲ್ಲಿ ಮುಚ್ಚಿತು. ಅದರ 1840ರ ಉಗಿಯಂತ್ರ ಗುಜರಿಗೆ ಹೋಗಲಿತ್ತು. 1935ರಲ್ಲಿ ಕೆಲವು ಸಾಮಾನ್ಯ ನಾಗರಿಕರು ಸಮಿತಿ ಕಟ್ಟಿ ಅದನ್ನು ಉಳಿಸಿಕೊಂಡರು. ಅದೇ ಸಮಿತಿ ಮುಂದೆ ಟ್ರೆವಿಥಿಕ್ ಸೊಸೈಟಿಯಾಯಿತು. ಅರವತ್ತು ವರ್ಷ ನಿಂತೇ ಇದ್ದ ಆ ಯಂತ್ರವನ್ನು ನಿವೃತ್ತರೂ ಹವ್ಯಾಸಿಗಳೂ ಕೂಡಿದ ಸ್ವಯಂಸೇವಕರ ಗುಂಪೊಂದು ಕೈಯೆಲ್ಲ ಎಣ್ಣೆ ಮಾಡಿಕೊಂಡು 1990ರ ದಶಕದಲ್ಲಿ ಮತ್ತೆ ಉಗಿಯಲ್ಲಿ ಓಡಿಸಿತು. 2006ರಲ್ಲಿ ಕಾರ್ನ್‌ವಾಲಿನ ಗಣಿಭೂಮಿ ಯುನೆಸ್ಕೋದ ವಿಶ್ವ ಪರಂಪರೆಯಾಯಿತು. ಗಮನಿಸಬೇಕಾದ ಮಾತೆಂದರೆ, ಇದನ್ನು ಆರಂಭಿಸಿದ್ದು ಸರಕಾರವಲ್ಲ. ಒಂದು ಸಣ್ಣ ಸಂಘ. ನಮ್ಮಲ್ಲಿ ಸಂಘಗಳಿಗೇನು ಬರಗಾಲವೆ?

ಇಷ್ಟು ದೂರ ಏಕೆ ಹೋಗಬೇಕು? ನಮ್ಮ ಕಣ್ಣೆದುರೇ ಮುಂಬಯಿಯ ಗಿರಣಗಾಂವಿನಲ್ಲಿ ಇದೇ ನಾಟಕ ನಡೆದು ಪರದೆ ಬಿದ್ದಿದೆ. 1854ರಲ್ಲಿ ಕಾವಸಜಿ ದಾವರ್ ಅವರಿಂದ ಆರಂಭವಾದ ಬಟ್ಟೆ ಗಿರಣಿಗಳ ಯುಗ ಉಗಿಯ ಯುಗವೇ ಆಗಿತ್ತು. ಕೋಲಾರಕ್ಕೆ ಶಿವನಸಮುದ್ರ ಹೇಗೋ ಗಿರಣಿಗಳಿಗೆ ಟಾಟಾ ಸಂಸ್ಥೆಯ ಖೋಪೋಲಿ ಹಾಗೆ. 1915ರಲ್ಲಿ ಘಟ್ಟದ ನೀರಿನ ವಿದ್ಯುತ್ತು ಬಂದು ಉಗಿಯನ್ನು ಹಿಂದೆ ಸರಿಸಿತು. ಆ ಗಿರಣಿಗಳ ಕಾರ್ಮಿಕರಿಗೆ ಊಟ ಬಡಿಸಿದ್ದು ನಮ್ಮ ಹೋಟೆಲುಗಳು. ಹಗಲು ದುಡಿದವರಿಗೆ ಇರುಳು ಅಕ್ಷರ ಕಲಿಸಿದ್ದು ನಮ್ಮ ರಾತ್ರಿಶಾಲೆಗಳು. 1982ರ ಜನವರಿಯಲ್ಲಿ ದತ್ತಾ ಸಾಮಂತರ ನೇತೃತ್ವದ ಮಹಾಮುಷ್ಕರ ಆರಂಭವಾಯಿತು. ಅದರ ತರುವಾಯ ಗಿರಣಿಗಳು ಒಂದೊಂದಾಗಿ ಕಣ್ಣು ಮುಚ್ಚಿದವು. ಇಂದು ಲೋವರ್ ಪರೇಲಿನ ಫೀನಿಕ್ಸ್ ಮಾಲಿನ ಅಂಗಳದಲ್ಲಿ ಒಂದು ಹೊಗೆಗೊಳವೆ ನಿಂತಿದೆ. ಕೆಳಗೆ ಬಾಯ್ಲರಿಲ್ಲ, ಎಂಜಿನಿಲ್ಲ, ಅದರ ಬಿಸಿಯಲ್ಲಿ ಬೆವರಿದವನ ಹೆಸರಿಲ್ಲ. ಯಂತ್ರವಿಲ್ಲದ ಹೊಗೆಗೊಳವೆ ಕೇವಲ ಅಲಂಕಾರ. ಕೋಲಾರದ ಗೋಪುರಗಳಿಗೂ ನಾಳೆ ಇದೇ ಗತಿ ಬರಬಹುದು: ಒಂದು ಹೋಟೆಲು, ಅದರ ಅಂಗಳದಲ್ಲಿ ದೀಪಾಲಂಕೃತ ಗೋಪುರ, ಕೆಳಗೆ ‘ಕೆ.ಜಿ.ಎಫ್. ಕೆಫೆ’ ಎಂಬ ಫಲಕ.

ಆ ಮೂರಕ್ಷರಗಳ ಮೋಹ ನಮಗೆ ಕಡಿಮೆಯೇನಿಲ್ಲ. 2018ರಲ್ಲಿ, ಆಮೇಲೆ 2022ರಲ್ಲಿ ಆ ಹೆಸರಿನ ಕನ್ನಡ ಚಿತ್ರಗಳು ಬಂದಾಗ ವಾಶಿ, ನೆರೂಳ, ಡೊಂಬಿವಲಿಗಳ ಚಿತ್ರಮಂದಿರಗಳಲ್ಲಿ ಕನ್ನಡಿಗರು ಹೆಮ್ಮೆಯಿಂದ ಸೀಟಿ ಹೊಡೆದರು. ಹೊಡೆಯಲಿ, ಕನ್ನಡ ಚಿತ್ರವೊಂದು ದೇಶ ಗೆದ್ದದ್ದು ಸಂತೋಷದ ಸಂಗತಿ. ಆ ಚಿತ್ರದ ಗಣಿಯನ್ನು ನಿಜವಾದ ಗಣಿಯ ಕಸದಗುಡ್ಡದ ಮೇಲೆ ಸೆಟ್ಟು ಹಾಕಿ ಕಟ್ಟಿದ್ದರು. ಕಟ್ಟುಕಥೆಗೆ ಕೋಟಿಗಟ್ಟಲೆ ಹಣ ಹರಿಯಿತು; ಅದೇ ಗುಡ್ಡದ ನೆರಳಿನಲ್ಲಿ ನಿಜಕಥೆ ತುಕ್ಕು ಹಿಡಿಯುತ್ತಿತ್ತು. ಇಂದು ನಮ್ಮ ಹುಡುಗನೊಬ್ಬನನ್ನು ಕೋಲಾರದ ಗಣಿ ಎಂದರೇನು ಎಂದು ಕೇಳಿದರೆ ಬಂದೂಕು, ಗಡ್ಡ, ಬೆಂಕಿ ಎನ್ನುತ್ತಾನೆ. ನಮ್ಮ ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಂಗಳವರೊಡನೆ ಕೂಡಿ 1965ರಲ್ಲಿ ವಾತಾವರಣದ ನ್ಯೂಟ್ರಿನೋ ಕಣದ ಸುಳಿವು ಹಿಡಿದದ್ದು ಅದೇ ಗಣಿಯ ಆಳದಲ್ಲಿ ಎಂದು ಅವನಿಗೆ ಯಾರು ಹೇಳಬೇಕು? ಆ ವಿಜ್ಞಾನಿಗಳನ್ನು ಕೆಳಗಿಳಿಸಿ ಸುರಕ್ಷಿತವಾಗಿ ಮೇಲೆತ್ತಿದ್ದೂ ಒಂದು ಎತ್ತುಯಂತ್ರವೇ, ಗಂಟೆಗೆ ಕಿವಿಗೊಟ್ಟ ಒಬ್ಬ ಕಾರ್ಮಿಕನೇ.

ಹಾಗಾದರೆ ಆಗಬೇಕಾದದ್ದೇನು? ಕಲ್ಪನೆಯ ಗಗನಗೋಪುರ ಬೇಡ. ನಾಲ್ಕೇ ಬೇಡಿಕೆಗಳು ಸಾಕು. ಒಂದು, ಕೋಲಾರದ ಗಣಿ ಪ್ರದೇಶದಲ್ಲಿ ಉಳಿದಿರುವ ಪ್ರತಿಯೊಂದು ಯಂತ್ರ, ಗೋಪುರ, ಬಾಯ್ಲರುಮನೆ, ಒನಕೆಗಿರಣಿಯ ಭಾಗ, ನಕ್ಷೆ, ದಫ್ತರಗಳ ಪಟ್ಟಿಯಾಗಬೇಕು. ಪಟ್ಟಿಯಾಗುವವರೆಗೆ ಒಂದು ಮೊಳೆಯೂ ಹರಾಜಾಗಕೂಡದು. ಎರಡು, ಒಂದು ಗಣಿಯ ಬಾಯನ್ನಾದರೂ ಅದರ ಎತ್ತುಯಂತ್ರದ ಮನೆಯೊಡನೆ ಇದ್ದಲ್ಲಿಯೇ ಕಾಯಬೇಕು. ಬಿಡಿಭಾಗ ಕಳಚಿ ಬೆಂಗಳೂರಿನ ವೃತ್ತದಲ್ಲಿ ನಿಲ್ಲಿಸಿ ಸುಣ್ಣ ಬಣ್ಣ ಬಳಿಯುವುದು ಸಂರಕ್ಷಣೆಯಲ್ಲ, ಕಿತ್ತ ಹಲ್ಲಿಗೆ ಚಿನ್ನದ ಕಟ್ಟು ಹಾಕಿದಂತೆ. ನೂರು ವರ್ಷ ದಾಟಿದ ಕಟ್ಟಡಕ್ಕೆ ರಕ್ಷಣೆ ಕೊಡಲು 1958ರ ಕೇಂದ್ರ ಕಾಯಿದೆಯೂ 1961ರ ರಾಜ್ಯ ಕಾಯಿದೆಯೂ ಇವೆ. ದೇವಸ್ಥಾನಕ್ಕೆ ಸಲ್ಲುವ ಕಾಯಿದೆ ಬಾಯ್ಲರುಮನೆಗೆ ಏಕೆ ಸಲ್ಲಬಾರದು? ಮೂರು, ಬದುಕಿರುವ ಗಣಿ ಕಾರ್ಮಿಕರ ನೆನಪುಗಳನ್ನು, ಅವರು ಆಡುವ ತಮಿಳು, ತೆಲುಗು, ಕನ್ನಡ ಯಾವುದೇ ಇರಲಿ, ಅವರ ನುಡಿಯಲ್ಲಿಯೇ ಈಗಲೇ ದಾಖಲಿಸಬೇಕು. ಸಂಗ್ರಹಾಲಯ ಎದ್ದಾಗ ಅಲ್ಲಿಯ ಕೆಲಸ ಮೊದಲು ಅವರಿಗೆ, ಅವರ ಮಕ್ಕಳಿಗೆ ಸಲ್ಲಬೇಕು. ನಾಲ್ಕು, ಗುಡ್ಡ ಸೋಸುವ ಯಾವ ಕರಾರಿಗೂ ಈ ಸಂರಕ್ಷಣೆಯ ಷರತ್ತು ಅಂಟಿಕೊಂಡೇ ಇರಬೇಕು.

‘ಇದರಲ್ಲಿ ನೆರೂಳದ ನಾವೇನು ಮಾಡಬಲ್ಲೆವು?’ ಎಂದು ವಾಚಕರು ಕೇಳಿಯಾರು. ಬಹಳಷ್ಟು ಮಾಡಬಲ್ಲೆವು. ಗಡಿಯ ಪ್ರಶ್ನೆ ಬಂದಾಗ, ನದಿಯ ಪ್ರಶ್ನೆ ಬಂದಾಗ ಹೊರನಾಡ ಕನ್ನಡ ಸಂಘಗಳು ಬೆಂಗಳೂರಿಗೆ ಮನವಿ ಕಳಿಸಿವೆ, ನಿಯೋಗ ಕೊಂಡೊಯ್ದಿವೆ. ಊರಿನ ದೇವಸ್ಥಾನದ ಜೀರ್ಣೋದ್ಧಾರಕ್ಕೆಂದು ಇಲ್ಲಿಂದ ಹೋಗುವ ಹಣದ ಲೆಕ್ಕ ಎಲ್ಲರಿಗೂ ಗೊತ್ತು. ಠಾಣೆ–ಬೇಲಾಪುರ ರಸ್ತೆಯ ಕಾರ್ಖಾನೆಗಳಲ್ಲಿ ಬಾಯ್ಲರು, ಟರ್ಬೈನು, ಕಂಪ್ರೆಸರುಗಳ ನಡುವೆ ಜೀವಮಾನ ಕಳೆದು ನಿವೃತ್ತರಾದ ಕನ್ನಡಿಗರು ನಮ್ಮ ಪ್ರತಿ ಸಭೆಯ ಮೊದಲ ಸಾಲಿನಲ್ಲಿದ್ದಾರೆ. ಲೆವಂಟಿನ ಯಂತ್ರವನ್ನು ಮತ್ತೆ ಓಡಿಸಿದ್ದು ಇಂಥ ಕೈಗಳೇ. ಒಂದು ಪಟ್ಟಿ ತಯಾರಿಸಲು, ಒಂದು ಯಂತ್ರ ಯಾವ ಕಾಲದ್ದೆಂದು ಗುರುತಿಸಲು, ತುಕ್ಕು ಯಾವುದು ಸಾವು ಯಾವುದು ಎಂದು ಹೇಳಲು ಇವರಿಗಿಂತ ತಜ್ಞರು ಬೇಕೆ? ರಜೆಗೆ ಊರಿಗೆ ಹೋಗುವ ಹಾದಿಯಲ್ಲಿ ಎರಡು ದಿನ ಬಂಗಾರಪೇಟೆಯಲ್ಲಿ ಇಳಿಯುವಷ್ಟು ವ್ಯವಧಾನ ಅವರಿಗೂ ಇರಲಿ, ಅವರನ್ನು ಹಾಗೆ ಕೇಳುವಷ್ಟು ಬುದ್ಧಿ ನಮ್ಮ ಸಂಘಗಳಿಗೂ ಇರಲಿ.

ಮುಂದಿನ ರಾಜ್ಯೋತ್ಸವದ ಸಭೆಯಲ್ಲಿ ಮಾಮೂಲಿನಂತೆ ಹಾರ, ತುರಾಯಿ, ಶಿವನಸಮುದ್ರದ ಹಿರಿಮೆ ಎಲ್ಲವೂ ನಡೆಯಲಿ. ಅವುಗಳ ಜೊತೆ ಕೋಲಾರದ ಯಂತ್ರಗಳ ಹರಾಜು ನಿಲ್ಲಿಸಿ, ಪಟ್ಟಿ ಮಾಡಿ, ಇದ್ದಲ್ಲಿಯೇ ಕಾಯಿರಿ ಎಂಬ ಒಂದೇ ಒಂದು ಠರಾವೂ ಮಂಡನೆಯಾಗಲಿ. ಮುಂಬಯಿ, ಠಾಣೆ, ನವಿ ಮುಂಬಯಿಗಳ ಪ್ರತಿ ಸಂಘವೂ ಅದನ್ನು ಅಂಗೀಕರಿಸಿ ಬೆಂಗಳೂರಿಗೂ ದಿಲ್ಲಿಗೂ ಕಳಿಸಲಿ. ಖರ್ಚು ಎರಡು ಅಂಚೆಚೀಟಿ. ಮದುವೆಯಿಂದ ಮದುವೆಗೆ ಚಿನ್ನ ಕೊಳ್ಳುವ ನಮ್ಮ ಸಮಾಜ, ಆ ಚಿನ್ನಕ್ಕಾಗಿ ಮೂರು ಗಂಟೆ ಬಾರಿಸಿ ಕತ್ತಲಿಗೆ ಇಳಿದವರಿಗಾಗಿ ಎರಡು ಅಂಚೆಚೀಟಿ ಖರ್ಚು ಮಾಡಲಾರದೆಂದರೆ, ಗುಜರಿಗೆ ಹೋಗಬೇಕಾದದ್ದು ಕೋಲಾರದ ಯಂತ್ರವಲ್ಲ, ನಮ್ಮ ಅಭಿಮಾನ.